ಗಾಝಾ: ಲಾರಿ ನಿಂತರೆ ಮಗುವಿನ ಮೈಯಲ್ಲಿ ಏನಾಗುತ್ತದೆ?

ಮಗುವಿನ ತೋಳಿಗೆ ಸುತ್ತಿ ಅಳೆಯುವ ಒಂದು ಪಟ್ಟಿ ಇದೆ. ಅದರಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 12.5 ಸೆಂಟಿಮೀಟರ್‌ಗಿಂತ ಕಡಿಮೆಯಾದರೆ ಹಳದಿ, 11.5ಕ್ಕಿಂತ ಕೆಳಗಿಳಿದರೆ ಕೆಂಪು. ಕೆಂಪು ಅಂದ್ರೆ ಕೂಡಲೇ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಗಾಝಾದ ಆರೋಗ್ಯ ಕಾರ್ಯಕರ್ತರು ಮಕ್ಕಳ ಹಸಿವನ್ನು ಅಳೆಯುತ್ತಿರುವುದು ಇದೇ ಪಟ್ಟಿಯಿಂದ.

ಬಾಂಬ್ ಬಿದ್ದರೆ ಅದರ ಚಿತ್ರ ಅರ್ಧ ಗಂಟೆಯಲ್ಲಿ ಎಲ್ಲರ ಮೊಬೈಲಿಗೆ ಬರುತ್ತದೆ. ದಿಗ್ಬಂಧನದ ಚಿತ್ರ ಹಾಗಲ್ಲ. ಮಗುವಿನ ಪಕ್ಕೆಲುಬು ಎದ್ದು ಕಾಣುವಾಗಷ್ಟೇ ಅದು ಬರುತ್ತದೆ. ಅಷ್ಟರಲ್ಲಿ ಹಾನಿ ಎಷ್ಟೋ ಆಗಿ ಹೋಗಿರುತ್ತದೆ.

ಶುರುವಾದದ್ದು 2007ರಲ್ಲಿ

ಗಾಝಾ ಪಟ್ಟಿ ಸುಮಾರು 41 ಕಿಲೋಮೀಟರ್ ಉದ್ದದ ಸಣ್ಣ ಪ್ರದೇಶ. 20 ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು 18 ವರ್ಷದೊಳಗಿನ ಮಕ್ಕಳು. 2007ರ ಜೂನ್‌ನಲ್ಲಿ ಹಮಾಸ್ ಅಧಿಕಾರ ಹಿಡಿದ ಮೇಲೆ ಇಸ್ರೇಲ್ ದಿಗ್ಬಂಧನವನ್ನು ಬಿಗಿಗೊಳಿಸಿತು. ಗಾಝಾದ ಒಬ್ಬ ವ್ಯಕ್ತಿಗೆ ದಿನಕ್ಕೆ 2,279 ಕ್ಯಾಲರಿ ಬೇಕು ಎಂದು ಇಸ್ರೇಲಿ ಅಧಿಕಾರಿಗಳು 2008ರಲ್ಲಿ ಲೆಕ್ಕ ಹಾಕಿದ್ದರು. ‘ಗಿಶಾ’ ಎಂಬ ಇಸ್ರೇಲಿ ಮಾನವ ಹಕ್ಕು ಸಂಸ್ಥೆ ಕೋರ್ಟಿನಲ್ಲಿ ಹೋರಾಡಿದ್ದರಿಂದ ಆ ದಾಖಲೆ 2012ರಲ್ಲಿ ಹೊರಬಂತು. ಅದು ಬರೀ ಕರಡು, ಜಾರಿಗೆ ಬಂದಿರಲಿಲ್ಲ ಎಂದು ಇಸ್ರೇಲ್ ಹೇಳಿತು.

2023ರ ಅಕ್ಟೋಬರ್ 7ರಂದು ಹಮಾಸ್ ನೇತೃತ್ವದ ದಾಳಿಯಲ್ಲಿ ಇಸ್ರೇಲ್‌ನಲ್ಲಿ ಸುಮಾರು 1,200 ಮಂದಿ ಸತ್ತರು, ಸುಮಾರು 250 ಮಂದಿ ಒತ್ತೆಯಾಳುಗಳಾದರು. ಅವರಲ್ಲೂ ಮಕ್ಕಳಿದ್ದರು. ಎರಡು ದಿನಗಳ ಬಳಿಕ ಇಸ್ರೇಲ್‌ನ ಆಗಿನ ರಕ್ಷಣಾ ಸಚಿವ ಯೋವ್ ಗ್ಯಾಲಂಟ್, ವಿದ್ಯುತ್, ಆಹಾರ, ಇಂಧನ ಯಾವುದೂ ಒಳಹೋಗದ ಸಂಪೂರ್ಣ ಮುತ್ತಿಗೆ ಘೋಷಿಸಿದರು. ಮುಂದೆ ಗೇಟು ಸ್ವಲ್ಪ ಸ್ವಲ್ಪ ತೆರೆದರೂ, 2025ರ ಮಾರ್ಚ್ 2ರಿಂದ ಸುಮಾರು 11 ವಾರ ಮತ್ತೆ ಪೂರ್ತಿ ಮುಚ್ಚಿತ್ತು.

ಅಕ್ಕಿ ಹಿಟ್ಟಿನ ಪ್ರಶ್ನೆ ಮಾತ್ರ ಅಲ್ಲ

ದಿಗ್ಬಂಧನ ಅಂದ್ರೆ ಊಟ ಇಲ್ಲ, ಅಷ್ಟೇ ಎಂದು ಹಲವರು ತಿಳಿದಿದ್ದಾರೆ. ವಿಷಯ ಅದಕ್ಕಿಂತ ಆಳವಾಗಿದೆ. ಗಾಝಾದ ಅಂತರ್ಜಲ ಬಹುಪಾಲು ಉಪ್ಪು ಮತ್ತು ಕೊಳಕು. ಕುಡಿಯುವ ನೀರಿಗೆ ಉಪ್ಪು ನೀರು ಶುದ್ಧೀಕರಿಸುವ ಘಟಕಗಳು ಬಹಳ ಮುಖ್ಯ. ಅವು ನಡೆಯಲು ವಿದ್ಯುತ್ ಬೇಕು, ಇಲ್ಲವೇ ಡೀಸೆಲ್ ಬೇಕು. ಡೀಸೆಲ್ ನಿಂತರೆ ನೀರು ನಿಂತಿತು, ಚರಂಡಿ ನೀರು ಎತ್ತುವ ಪಂಪ್ ಕೂಡ ನಿಂತಿತು. ಕೊಳಕು ನೀರು ಕುಡಿದ ಮಗುವಿಗೆ ವಾಂತಿ-ಭೇದಿ. ಭೇದಿಯಾದ ಮಗುವಿನ ಮೈಗೆ ತಿಂದದ್ದೂ ಹತ್ತುವುದಿಲ್ಲ. ಸೊರಗಿದ ಮಗುವಿಗೆ ರೋಗ ತಡೆಯುವ ಶಕ್ತಿ ಇರುವುದಿಲ್ಲ, ಮತ್ತೆ ಕಾಯಿಲೆ. ಹಾಲು ಪುಡಿಯ ಡಬ್ಬಿ ಸಿಕ್ಕಿದರೂ ಅದನ್ನು ಕಲಸಲು ಶುದ್ಧ ನೀರೇ ಇಲ್ಲದಿದ್ದರೆ ಆ ಡಬ್ಬಿಯೂ ಅಪಾಯವೇ.

ತೀವ್ರ ಅಪೌಷ್ಟಿಕತೆಗೆ ಮದ್ದು ಇಲ್ಲದಿಲ್ಲ. ನೆಲಗಡಲೆ, ಹಾಲಿನ ಪುಡಿ, ಎಣ್ಣೆ, ಸಕ್ಕರೆ ಸೇರಿಸಿದ ಪೇಸ್ಟಿನ ಪ್ಯಾಕೆಟ್ ಅದು. ಒಂದರಲ್ಲಿ ಸುಮಾರು 500 ಕ್ಯಾಲರಿ. ಬೇಯಿಸಬೇಕಿಲ್ಲ, ನೀರು ಬೆರೆಸಬೇಕಿಲ್ಲ. ಕೆಲವು ವಾರ ಬಿಡದೆ ಕೊಟ್ಟರೆ ಹೆಚ್ಚಿನ ಮಕ್ಕಳು ಚೇತರಿಸುತ್ತಾರೆ. ಆದರೆ ಆ ಪ್ಯಾಕೆಟ್ ಕೂಡ ಬರುವುದು ಅದೇ ಗೇಟಿನ ಮೂಲಕ, ಅದೇ ಲಾರಿಯಲ್ಲಿ.

ಕ್ಷಾಮ ಎಂಬ ಪದ

ಕ್ಷಾಮ ಎಂದು ಸುಮ್ಮನೆ ಘೋಷಿಸುವುದಿಲ್ಲ. ಐದರಲ್ಲಿ ಒಂದು ಮನೆಗೆ ಆಹಾರದ ತೀವ್ರ ಕೊರತೆ, ಮಕ್ಕಳಲ್ಲಿ ನಿಗದಿತ ಮಟ್ಟ ಮೀರಿದ ಅಪೌಷ್ಟಿಕತೆ, ಹಸಿವು ಮತ್ತು ಕಾಯಿಲೆಯಿಂದ ದಿನಕ್ಕೆ 10,000 ಜನರಲ್ಲಿ ಕನಿಷ್ಠ ಇಬ್ಬರ ಸಾವು: ಈ ಮೂರನ್ನೂ ನೋಡುತ್ತಾರೆ. ವಿಶ್ವಸಂಸ್ಥೆಯ ಬೆಂಬಲದ ಆಹಾರ ಭದ್ರತಾ ತಜ್ಞರ ವ್ಯವಸ್ಥೆಯಾದ ಐಪಿಸಿ, 2025ರ ಆಗಸ್ಟ್ 22ರಂದು ಗಾಝಾ ನಗರ ಇರುವ ಜಿಲ್ಲೆಯಲ್ಲಿ ಕ್ಷಾಮವನ್ನು ದೃಢಪಡಿಸಿತು. ಇಸ್ರೇಲ್ ಅದನ್ನು ಒಪ್ಪಲಿಲ್ಲ. ಅಕ್ಟೋಬರ್‌ನ ಕದನ ವಿರಾಮದ ನಂತರ ಲಾರಿಗಳು ಹೆಚ್ಚಿದವು. ಗಾಝಾದ ಯಾವ ಭಾಗದಲ್ಲೂ ಈಗ ಕ್ಷಾಮ ಇಲ್ಲ, ಆದರೆ ಪರಿಸ್ಥಿತಿ ಇನ್ನೂ ಗಂಭೀರ ಎಂದು ಅದೇ ಐಪಿಸಿ ಡಿಸೆಂಬರ್‌ನಲ್ಲಿ ಹೇಳಿತು. ಗೇಟಿಗೂ ಮಗುವಿನ ಜೀವಕ್ಕೂ ಎಷ್ಟು ನೇರ ಸಂಬಂಧ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗೇಟು ತೆರೆದರೆ ಎಲ್ಲ ಸರಿಯಾಗುತ್ತದಾ?

ಇಲ್ಲ. ಗರ್ಭದಿಂದ ಎರಡು ವರ್ಷದವರೆಗಿನ ಸುಮಾರು 1,000 ದಿನಗಳಲ್ಲಿ ಮಿದುಳು ವೇಗವಾಗಿ ಬೆಳೆಯುತ್ತದೆ. ಆಗ ಆದ ನಷ್ಟವನ್ನು ಪೂರ್ತಿ ತುಂಬುವುದು ಕಷ್ಟ. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆ ನೆದರ್‌ಲ್ಯಾಂಡ್ಸ್‌ನ ಪಶ್ಚಿಮ ಭಾಗಕ್ಕೆ ಆಹಾರ ಸಾಗಾಟ ತಡೆದಿತ್ತು. ಆ ಹಸಿವು ಕೆಲವೇ ತಿಂಗಳು ಇದ್ದದ್ದು. ಆದರೆ ಆಗ ತಾಯಿಯ ಹೊಟ್ಟೆಯಲ್ಲಿದ್ದವರಲ್ಲಿ ಐವತ್ತು ವರ್ಷಗಳ ನಂತರವೂ ಮಧುಮೇಹ, ಹೃದ್ರೋಗದ ಅಪಾಯ ಹೆಚ್ಚಿರುವುದನ್ನು ಸಂಶೋಧಕರು ಕಂಡರು.

ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಗಾಝಾದಲ್ಲೇ ಉದಾಹರಣೆ ಇದೆ. 2024ರ ಆಗಸ್ಟ್‌ನಲ್ಲಿ 25 ವರ್ಷಗಳ ನಂತರ ಅಲ್ಲಿ ಪೋಲಿಯೊ ಕಾಣಿಸಿತು. ಹತ್ತು ತಿಂಗಳ ಮಗುವಿನ ಕಾಲು ಸ್ವಾಧೀನ ತಪ್ಪಿತು. ಸೆಪ್ಟೆಂಬರ್‌ನಲ್ಲಿ ದಿನಕ್ಕೆ ಕೆಲವು ಗಂಟೆ ದಾಳಿ ನಿಲ್ಲಿಸಲು ಎರಡೂ ಕಡೆಯವರು ಒಪ್ಪಿದರು. ಮೊದಲ ಸುತ್ತಿನಲ್ಲೇ ಸುಮಾರು 5.6 ಲಕ್ಷ ಮಕ್ಕಳಿಗೆ ಲಸಿಕೆ ಸಿಕ್ಕಿತು.

ಕಾನೂನು ಮತ್ತು ನೆನಪು

15 ವರ್ಷದೊಳಗಿನ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಬೇಕಾದ ಆಹಾರವನ್ನು ಶತ್ರುವಾದರೂ ಬಿಡಬೇಕು ಎಂದು 1949ರ ನಾಲ್ಕನೇ ಜಿನೀವಾ ಒಪ್ಪಂದ ಹೇಳುತ್ತದೆ. ಹಸಿವನ್ನು ಯುದ್ಧದ ಅಸ್ತ್ರ ಮಾಡಿದ ಆರೋಪ ಸೇರಿಸಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ 2024ರ ನವೆಂಬರ್‌ನಲ್ಲಿ ನೆತನ್ಯಾಹು ಮತ್ತು ಗ್ಯಾಲಂಟ್ ವಿರುದ್ಧ ಬಂಧನ ವಾರಂಟ್ ಹೊರಡಿಸಿತು. ಹಮಾಸ್ ಕಮಾಂಡರ್ ಮುಹಮ್ಮದ್ ದೈಫ್ ವಿರುದ್ಧವೂ ಬೇರೆ ಆರೋಪಗಳಡಿ ವಾರಂಟ್ ಹೊರಟಿತ್ತು.

ಮದ್ರಸದಲ್ಲಿ ಸೀರಾ ಓದಿದವರಿಗೆ ದಿಗ್ಬಂಧನ ಹೊಸ ಪದವೇನಲ್ಲ. ಮಕ್ಕಾದ ಶಿಅಬ್ ಅಬೂತಾಲಿಬ್ ಕಣಿವೆಯಲ್ಲಿ ಪ್ರವಾದಿ(ಸ)ರ ಕುಟುಂಬಕ್ಕೆ ಮೂರು ವರ್ಷ ಅನ್ನ-ವ್ಯಾಪಾರ ನಿಲ್ಲಿಸಲಾಗಿತ್ತು. ಹಸಿದ ಮಕ್ಕಳ ಅಳು ಕಣಿವೆಯಾಚೆಗೂ ಕೇಳುತ್ತಿತ್ತು ಎಂದು ಸೀರಾ ಗ್ರಂಥಗಳು ಹೇಳುತ್ತವೆ. ಅದನ್ನು ಮುರಿಯಲು ಎದ್ದು ನಿಂತವರು ಖುರೈಶರ ಒಳಗಿನವರೇ. ಮುತ್ಇಮ್ ಬಿನ್ ಅದಿಯ್ಯ್ ಇಸ್ಲಾಮ್ ಸ್ವೀಕರಿಸಿದವರೂ ಅಲ್ಲ. ಮಗುವಿನ ಹಸಿವಿಗೆ ಪಕ್ಷ ಇಲ್ಲ ಎಂದು ಅರಿತವರು ಎಲ್ಲ ಕಾಲದಲ್ಲೂ, ಎಲ್ಲ ಕಡೆಯಲ್ಲೂ ಇದ್ದಾರೆ.

ಹಾಗಾಗಿ ‘ಇಷ್ಟು ಲಾರಿ ಒಳಗೆ ಹೋಯಿತು’ ಎಂಬ ಸುದ್ದಿ ಬಂದಾಗ ಅಲ್ಲಿಗೇ ನಿಲ್ಲಬೇಡಿ. ಡೀಸೆಲ್ ಹೋಯಿತಾ? ಪೌಷ್ಟಿಕ ಪೇಸ್ಟ್, ಲಸಿಕೆ ಹೋಯಿತಾ? ನಾಳೆಯೂ ಹೋಗುತ್ತದಾ? ಫಾರ್ವರ್ಡ್ ಮಾಡುವ ಮುಂಚೆ ಇಷ್ಟನ್ನು ಕೇಳಿ ನೋಡಿ.