ಬಿಚ್ಚುವವರಿಲ್ಲದ ಬಟ್ಟೆ

ಕುಶಾಲನಗರದ ಕಾವೇರಿ ಸೇತುವೆಯನ್ನು ದಾಟಿ ಕೊಪ್ಪದಲ್ಲಿ ತಿರುಗಿದರೆ ಕೊಡಗಿನ ಗಡಿ ಹಿಂದುಳಿದು ಬೈಲುಕುಪ್ಪೆಯ ಟಿಬೆಟನ್ ವಸತಿ ಎದುರಾಗುತ್ತದೆ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಸರ್ಕಾರ ನೀಡಿದ ಸುಮಾರು 3,000 ಎಕರೆ ಕಾಡುಭೂಮಿಯಲ್ಲಿ ನೆಲೆಯೂರಿದ ನಿರಾಶ್ರಿತರು ತಮ್ಮೊಡನೆ ತಂದ ಸಂಪ್ರದಾಯಗಳಲ್ಲಿ ಗಾಳಿಗೆ ಬಟ್ಟೆ ಕಟ್ಟುವುದೂ ಒಂದು. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಎಂಬ ಕ್ರಮ ತಪ್ಪದ ಪ್ರಾರ್ಥನಾ ಪತಾಕೆಗಳು ಮರದಿಂದ ಮರಕ್ಕೆ, ಮಾಡಿನಿಂದ ಮಾಡಿಗೆ ಹಬ್ಬಿರುತ್ತವೆ. ಬಿಸಿಲಿಗೆ ಬಣ್ಣ ಮಾಸುವುದು, ಗಾಳಿಗೆ ಅಂಚು ಹರಿಯುವುದು ಅಲ್ಲಿ ಅಪಶಕುನವಲ್ಲ. ಅದು ಪತಾಕೆಯ ಕೆಲಸ.

ಕೆಲವು ವರ್ಷಗಳ ಹಿಂದೆ ಟಿಬೆಟನ್ನರ ಹೊಸ ವರ್ಷವಾದ ಲೋಸರ್‌ನ ಆಸುಪಾಸಿನಲ್ಲಿ ಅಲ್ಲಿನ ನಾಮ್‌ಡ್ರೋಲಿಂಗ್ ಮಠದ ಅಂಗಳದಲ್ಲಿ ನಿಂತು ಬೃಹತ್ ಥಾಂಕಾವೊಂದನ್ನು ಬಿಚ್ಚುವುದನ್ನು ನಾನು ನೋಡಿದೆ. ಇಂಥ ದೊಡ್ಡ ಥಾಂಕಾಗಳನ್ನು ಸಾಮಾನ್ಯವಾಗಿ ಕುಂಚದಿಂದ ಬರೆಯುವುದಿಲ್ಲ. ರೇಷ್ಮೆಯ ತುಂಡುಗಳನ್ನು ಕತ್ತರಿಸಿ, ಒಂದರ ಮೇಲೊಂದಿಟ್ಟು ಹೊಲಿದು ರೂಪಿಸುತ್ತಾರೆ. ಕಹಳೆ ಮೊಳಗಿತು, ಹಗ್ಗ ಬಿಗಿಯಿತು, ಎತ್ತರದ ಗೋಡೆಯೊಂದು ನೋಡನೋಡುತ್ತಿದ್ದಂತೆ ಚಿತ್ರವಾಯಿತು. ಮಧ್ಯಾಹ್ನದ ಬಳಿಕ ಅದೇ ಅಂಗಳಕ್ಕೆ ಮರಳಿದಾಗ ಗೋಡೆ ಗೋಡೆಯಾಗಿಯೇ ಇತ್ತು. ಒಂದು ಮೊಳೆಯ ಗುರುತೂ ನನ್ನ ಕಣ್ಣಿಗೆ ಬೀಳಲಿಲ್ಲ. ಭೂತಾನಿನ ಪಾರೊದಲ್ಲಿ ನಸುಕಿನಲ್ಲಿ ಬಿಚ್ಚಿದ ಥಾಂಕಾವನ್ನು ಬಿಸಿಲು ತಾಗುವ ಮೊದಲೇ ಸುತ್ತಿಡುತ್ತಾರೆ. ಲಡಾಖಿನ ಹೆಮಿಸ್ ಮಠದ ದೊಡ್ಡ ಥಾಂಕಾ ಕಾಣಸಿಗುವುದು ಹನ್ನೆರಡು ವರ್ಷಗಳಿಗೊಮ್ಮೆ. ಕ್ಷಣಿಕವಾದುದನ್ನು ಇಷ್ಟು ಜತನದಿಂದ ಕಾಪಾಡಬೇಕಾಗುತ್ತದೆಂದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಅಂದು ಸಂಜೆ ಸುಂಟಿಕೊಪ್ಪದ ಮೂಲಕ ಮಡಿಕೇರಿಗೆ ಮರಳುವಾಗ ರಸ್ತೆಬದಿಯ ಸಿಲ್ವರ್ ಓಕ್ ಮರವೊಂದಕ್ಕೆ ಸುತ್ತಿಕೊಂಡಿದ್ದ ಫ್ಲೆಕ್ಸ್ ಕಣ್ಣಿಗೆ ಬಿತ್ತು. ಐದು ತಿಂಗಳ ಹಿಂದಿನ ದಸರೆಗೆ ಶುಭ ಕೋರಿದ ಮಹನೀಯರ ಅರ್ಧ ಮುಖ ಅದರಲ್ಲಿ ಇನ್ನೂ ನಗುತ್ತಿತ್ತು. ಮಡಿಕೇರಿ ದಸರೆಯ ಹತ್ತು ಮಂಟಪಗಳು ಒಂದೇ ರಾತ್ರಿಯ ಕಲೆ. ತಿಂಗಳುಗಟ್ಟಲೆ ದುಡಿದು ಕಟ್ಟಿದ್ದು ವಿಜಯದಶಮಿಯ ಇರುಳು ಬೀದಿಯಲ್ಲಿ ಬೆಳಗಿ ಮರುದಿನ ಕಳಚಿಹೋಗುತ್ತದೆ. ಆ ಕಲೆ ಉಳಿಯುವುದಿಲ್ಲ, ಅದಕ್ಕೆ ಶುಭ ಕೋರಿದ ಫಲಕ ಉಳಿಯುತ್ತದೆ!

ಸಾರ್ವಜನಿಕ ಸ್ಥಳದಲ್ಲಿ ಬಟ್ಟೆಯನ್ನು ಕಲೆಯಾಗಿಸಿ ಜಗತ್ತಿನ ಗಮನ ಸೆಳೆದವರು ಕ್ರಿಸ್ಟೊ ಮತ್ತು ಜೀನ್-ಕ್ಲಾಡ್ ದಂಪತಿ. 1976ರಲ್ಲಿ ಕ್ಯಾಲಿಫೋರ್ನಿಯದ ಗುಡ್ಡಗಳ ಮೇಲೆ ಸುಮಾರು 39 ಕಿಲೋಮೀಟರ್ ಉದ್ದದ, ಐದೂವರೆ ಮೀಟರ್ ಎತ್ತರದ ಬಿಳಿ ನೈಲಾನ್ ಬೇಲಿಯನ್ನು ಅವರು ಎಬ್ಬಿಸಿದರು. ಅದು ನಿಂತದ್ದು ಕೇವಲ 14 ದಿನ. ಆ 14 ದಿನಗಳಿಗಾಗಿ 59 ಮಂದಿ ಜಮೀನುದಾರರ ಒಪ್ಪಿಗೆ ಪಡೆಯಬೇಕಾಯಿತು, 18 ಸಾರ್ವಜನಿಕ ವಿಚಾರಣೆಗಳನ್ನು ಎದುರಿಸಬೇಕಾಯಿತು, 450 ಪುಟಗಳ ಪರಿಸರ ಪರಿಣಾಮ ವರದಿ ಸಿದ್ಧವಾಯಿತು. ಕೆಲಸ ಮುಗಿದ ಮೇಲೆ ಕಂಬ-ಬಟ್ಟೆಗಳು ಆ ಜಮೀನುದಾರರ ಪಾಲಾದವು, ಗುಡ್ಡದಲ್ಲಿ ಕುರುಹು ಉಳಿಯಲಿಲ್ಲ. 1995ರಲ್ಲಿ ಬರ್ಲಿನ್ನಿನ ರೈಖ್‌ಸ್ಟಾಗ್ ಭವನಕ್ಕೆ ಬಟ್ಟೆ ಹೊದಿಸುವ ಮುನ್ನ ಜರ್ಮನಿಯ ಸಂಸತ್ತೇ ಚರ್ಚಿಸಿ 292-223 ಮತಗಳಿಂದ ಸಮ್ಮತಿಸಿತ್ತು. ಖರ್ಚನ್ನೆಲ್ಲ ದಂಪತಿ ತಮ್ಮ ರೇಖಾಚಿತ್ರಗಳನ್ನು ಮಾರಿ ಭರಿಸುತ್ತಿದ್ದರು. ಪ್ರಾಯೋಜಕರ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ.

ಅವರು ಬಳಸಿದ್ದೂ ನೈಲಾನ್, ಪಾಲಿಪ್ರೊಪಿಲೀನ್‌ಗಳನ್ನೇ ಅಲ್ಲವೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಬೈಲುಕುಪ್ಪೆಯ ಪತಾಕೆಗಳಲ್ಲೂ ಪಾಲಿಯೆಸ್ಟರ್ ನುಸುಳಿದೆ, ಅವು ಹತ್ತಿಯಂತೆ ಎಳೆಯೆಳೆಯಾಗಿ ಮಣ್ಣು ಸೇರುವುದಿಲ್ಲ. ಆದರೆ ಕ್ರಿಸ್ಟೊ ದಂಪತಿಯ ಯೋಜನೆಯಲ್ಲಿ ಬಿಚ್ಚುವ ದಿನವೂ ಕಟ್ಟುವ ದಿನದಷ್ಟೇ ನಿಶ್ಚಿತವಾಗಿರುತ್ತಿತ್ತು. 1991ರಲ್ಲಿ ಜಪಾನ್ ಮತ್ತು ಕ್ಯಾಲಿಫೋರ್ನಿಯಗಳಲ್ಲಿ ಏಕಕಾಲಕ್ಕೆ ನಿಲ್ಲಿಸಿದ್ದ ದೈತ್ಯ ಛತ್ರಿಗಳಲ್ಲೊಂದು ಗಾಳಿಗೆ ಕಿತ್ತು ಮಹಿಳೆಯೊಬ್ಬರು ಮೃತಪಟ್ಟಾಗ ಎರಡೂ ದೇಶಗಳಲ್ಲಿ ಪ್ರದರ್ಶನವನ್ನು ಕೂಡಲೇ ಮುಚ್ಚಿದರು. 2019ರಲ್ಲಿ ಚೆನ್ನೈನಲ್ಲಿ ಅಕ್ರಮ ಬ್ಯಾನರ್ ಬಿದ್ದು ಯುವತಿಯೊಬ್ಬಳು ಬಲಿಯಾದದ್ದು ನಮಗೆಲ್ಲ ನೆನಪಿದೆ. ಅಲ್ಲಿ ಹೊಣೆಗಾರರು ಯಾರೆಂದು ಹುಡುಕಬೇಕಾಯಿತು.

ಹಾಗೆ ನೋಡಿದರೆ ಕೊಡಗಿಗೆ ಬಟ್ಟೆಯ ಕಲೆ ಹೊರಗಿನಿಂದ ಬರಬೇಕಾಗಿರಲಿಲ್ಲ. ಮಂಗಲಕಾರ್ಯಗಳಲ್ಲಿ ಒಗೆದ ಬಟ್ಟೆಯ ಮೇಲ್ಕಟ್ಟು ಕಟ್ಟುವುದು, ನಡೆಮಡಿ ಹಾಸುವುದು ಮಡಿವಾಳರ ಕೈಗೆ ಸೇರಿದ ಕೆಲಸವಾಗಿತ್ತು. ಕೊಡವರ ಬದುಕಿನಲ್ಲಿ ಇಂಥ ಸೇವಾಜಾತಿಗಳ ಪಾತ್ರವನ್ನು ಎಂ.ಎನ್. ಶ್ರೀನಿವಾಸ್ 1952ರ ತಮ್ಮ ಗ್ರಂಥದಲ್ಲಿ ಗುರುತಿಸಿದ್ದಾರೆ. ಮಡಿವಾಳರ ಕೈಯಲ್ಲಿ ಸೀರೆ-ಪಂಚೆಗಳೇ ಅರ್ಧ ದಿನದ ಮಟ್ಟಿಗೆ ಆಕಾಶವಾಗುತ್ತಿದ್ದವು, ಸಂಜೆ ಮತ್ತೆ ಮಡಿಕೆಗೆ ಮರಳುತ್ತಿದ್ದವು. ಆ ವ್ಯವಸ್ಥೆಯನ್ನು ಕೊಂಡಾಡುವ ಇಚ್ಛೆ ನನಗಿಲ್ಲ. ಹುಟ್ಟಿನಿಂದ ಹೇರಿದ ದುಡಿಮೆ ಅದು, ಕಟ್ಟಿದವನನ್ನು ಯಾರೂ ಕಲಾವಿದನೆನ್ನಲಿಲ್ಲ. ಅದು ಸಡಿಲಗೊಂಡದ್ದು ಒಳ್ಳೆಯದೇ. ಆದರೆ ಕಟ್ಟಿದವನೇ ಬಿಚ್ಚುವ ವಾಡಿಕೆ ಅದರೊಂದಿಗೆ ಯಾಕೆ ಹೋಗಬೇಕಿತ್ತು?

ಕಾನೂನು ಇಲ್ಲವೆಂದಲ್ಲ. 2016ರ ಮಾರ್ಚ್‌ನಲ್ಲೇ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಫ್ಲೆಕ್ಸ್, ಬ್ಯಾನರ್, ಬಂಟಿಂಗ್‌ಗಳನ್ನೂ ನಿಷೇಧಿಸಿತು. ನಿಷೇಧದ ನಂತರವೂ ನಾನು ಕಂಡ ಫ್ಲೆಕ್ಸ್‌ಗಳನ್ನು ಲೆಕ್ಕವಿಡುವ ತಾಳ್ಮೆ ನನಗಿರಲಿಲ್ಲ. ಇತ್ತ 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಯಂತ್ರನಿರ್ಮಿತ ಪಾಲಿಯೆಸ್ಟರ್ ರಾಷ್ಟ್ರಧ್ವಜಕ್ಕೂ ಅನುಮತಿ ನೀಡಲಾಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವ ಹೆಣ್ಣುಮಕ್ಕಳಿಗೆ ಅದರಿಂದ ಬಿದ್ದ ಪೆಟ್ಟು ಬೇರೆಯೇ ಲೇಖನಕ್ಕೆ ವಸ್ತು.

ದಸರೆಯ ಸ್ವಾಗತ ಕಮಾನುಗಳನ್ನಾದರೂ ಕೈಮಗ್ಗದ ಬಟ್ಟೆಯಲ್ಲಿ ಕಟ್ಟಿಸಿ, ಬಿಚ್ಚುವ ದಿನಾಂಕವನ್ನು ಅನುಮತಿ ಪತ್ರದಲ್ಲೇ ಬರೆದು, ಠೇವಣಿ ಇರಿಸಿಕೊಳ್ಳಬಾರದೇಕೆ? ಅಕ್ಟೋಬರಿನಲ್ಲೂ ಮಳೆ ಬಿಡದ ಊರಿದು, ಬಟ್ಟೆ ತೊಯ್ದು ಜೋತು ಬೀಳುತ್ತದೆ ಎಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ತೊಯ್ದರೆ ಒಣಗುತ್ತದೆ.

ನನ್ನ ಮನೆಯ ಕಥೆಯೂ ಭಿನ್ನವಲ್ಲ. ಮೂರು ವರ್ಷಗಳ ಹಿಂದೆ ನೆಂಟರ ಮದುವೆಗೆ ಗೇಟಿನ ಬಳಿ ವಧೂವರರ ಆಳೆತ್ತರದ ಫ್ಲೆಕ್ಸ್ ನಿಂತಿತು, ಅದಕ್ಕೆ ದುಡ್ಡು ಕೊಟ್ಟವರಲ್ಲಿ ನಾನೂ ಒಬ್ಬ. ಮದುವೆ ಮುಗಿದ ವಾರಕ್ಕೆ ಅದನ್ನು ತೆಗೆಸಲು ಫೋನ್ ಮಾಡಿದರೆ, “ಕಟ್ಟುವುದಕ್ಕೆ ಮಾತ್ರ ಅಲ್ವಾ ಅಣ್ಣ ನಾವು ದುಡ್ಡು ತಕೊಂಡದ್ದು” ಎಂಬ ಉತ್ತರ ಬಂತು. ನಾನೇ ಕತ್ತಿ ಹಿಡಿದು ಹಗ್ಗ ಕೊಯ್ದೆ. ಈಗ ಅದು ನಮ್ಮ ಸೌದೆ ರಾಶಿಯ ಮೇಲೆ ಹಾಸಿದೆ. ಮೂರು ಮಳೆಗಾಲ ಕಳೆದರೂ ಮದುಮಗನ ಪೇಟದ ಬಣ್ಣ ಮಾಸಿಲ್ಲ.