ಎದುರುಬದುರು ಡಿಕ್ಕಿಯ ಲೆಕ್ಕ

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಟ್ಟದ ತಿರುವೊಂದರಲ್ಲಿ 1,000 ಕಿಲೋಗ್ರಾಂ ದ್ರವ್ಯರಾಶಿಯ ಕಾರೂ 9,000 ಕಿಲೋಗ್ರಾಮಿನ ಬಸ್ಸೂ ಸೆಕೆಂಡಿಗೆ 10 ಮೀಟರ್ ವೇಗದಿಂದ, ಅಂದರೆ ಗಂಟೆಗೆ 36 ಕಿಲೋಮೀಟರ್ ವೇಗದಿಂದ, ಎದುರುಬದುರಾಗಿ ಡಿಕ್ಕಿ ಹೊಡೆದು ಒಂದಕ್ಕೊಂದು ಕಚ್ಚಿಕೊಂಡವೆಂದು ನಾವು ಊಹಿಸೋಣ. ನ್ಯೂಟನ್ನನ ಮೂರನೆಯ ನಿಯಮದಂತೆ ಎರಡರ ಮೇಲೂ ಬೀಳುವ ಬಲ ಸಮ. ಆದರೆ ಸಂವೇಗ ಸಂರಕ್ಷಣೆಯ ನಿಯಮದಂತೆ ಬಸ್ಸಿನ ವೇಗ 10ರಿಂದ 8 ಮೀಟರಿಗೆ ಇಳಿಯುತ್ತದೆ. ಕಾರಾದರೋ ಅದೇ 8 ಮೀಟರ್ ವೇಗದಿಂದ ಹಿಂದಕ್ಕೆ ನೂಕಲ್ಪಡುತ್ತದೆ. ಬಸ್ಸಿನ ವೇಗದಲ್ಲಾದ ವ್ಯತ್ಯಾಸ 2, ಕಾರಿನದು 18! ತಪ್ಪು ಯಾರದೇ ಆಗಿರಲಿ, ಹೆಚ್ಚಿನ ಪೆಟ್ಟು ಹಗುರ ವಾಹನದಲ್ಲಿರುವವರಿಗೆ.

ಮೋಟಾರು ವಾಹನಗಳ ಕಾಯಿದೆಯ 164ನೆಯ ಪ್ರಕರಣವು 2022ರ ಏಪ್ರಿಲಿನಿಂದ ಜಾರಿಯಲ್ಲಿರುವ ರೂಪದಲ್ಲಿ, ತೀವ್ರವಾಗಿ ಗಾಯಗೊಂಡವರು ಚಾಲಕನ ತಪ್ಪನ್ನು ರುಜುವಾತುಪಡಿಸದೆಯೇ ಎರಡೂವರೆ ಲಕ್ಷ ರೂಪಾಯಿ ಪರಿಹಾರ ಕೇಳಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ 166ನೆಯ ಪ್ರಕರಣದಂತೆ ನ್ಯಾಯಮಂಡಳಿಯ ಮುಂದೆ ತಪ್ಪನ್ನು ತೋರಿಸಬೇಕು.