‘ಹುಳ ಮುಟ್ಟಿತು’: ಹಾವು ಕಡಿತದ ಜನಪದ ನುಡಿ ಮತ್ತು ಚಿಕಿತ್ಸಾ ಸಂಶೋಧನೆ

ಹಾವೇರಿ ಜಿಲ್ಲೆಯ ಗಳಗನಾಥವು ವರದಾ ನದಿಯು ತುಂಗಭದ್ರೆಯನ್ನು ಕೂಡುವ ಸ್ಥಳ. ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯದಿಂದ ಈ ಗ್ರಾಮವು ವಿದ್ವಾಂಸರಿಗೆ ಪರಿಚಿತವಾಗಿದೆ. ಹೊಳೆಯ ದಂಡೆ, ಹೊಲದ ಬದು, ಮೇವಿನ ಬಣವೆ, ಇಲಿಗಳು ಸೇರುವ ಕಾಳಿನ ರಾಶಿ ಇಂಥ ಕೃಷಿಗ್ರಾಮಗಳ ಪರಿಸರ. ಹಾವುಗಳ ನೆಲೆಯೂ ಅದೇ. ಹುತ್ತಕ್ಕೆ ಹಾಲೆರೆದು, ನೆಲ ಅಗೆಯದೆ ನಾಗರ ಪಂಚಮಿಯನ್ನು ಆಚರಿಸುವ ಶ್ರಾವಣವು ಹಾವು ಕಡಿತಗಳು ಹೆಚ್ಚುವ ಮಳೆಗಾಲದಲ್ಲಿಯೇ ಬರುತ್ತದೆ ಎಂಬುದು ಗಮನಾರ್ಹ.

ಪೂಜ್ಯವೂ ಭಯಜನಕವೂ ಆದುದರ ಹೆಸರನ್ನು ನೇರವಾಗಿ ಉಚ್ಚರಿಸದಿರುವುದು ಜನಪದ ಭಾಷೆಯ ಒಂದು ಲಕ್ಷಣ. ಸಿಡುಬನ್ನು ‘ಅಮ್ಮ’ ಎಂದಂತೆ, ಗ್ರಾಮೀಣ ಕನ್ನಡದಲ್ಲಿ ಹಾವನ್ನು ‘ಹುಳ’ ಎಂದೂ ಅದು ಕಡಿದುದನ್ನು ‘ಮುಟ್ಟಿತು’ ಎಂದೂ ಹೇಳುವ ರೂಢಿಯಿದೆ. ಈ ನುಡಿಯ ಅರ್ಥ ತಿಳಿಯದ ವೈದ್ಯರು ಇದನ್ನು ಕೀಟದ ಕಡಿತವೆಂದು ಭಾವಿಸುವ ಸಂಭವವಿದೆ. ಕಟ್ಟುಹಾವಿನ ವಿಷಯದಲ್ಲಿ ಈ ಅಪಾಯ ಇಮ್ಮಡಿಯಾಗುತ್ತದೆ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯುವ ಈ ಹಾವಿನ ಗಾಯದಲ್ಲಿ ನೋವು, ಬಾವು ಇಲ್ಲವೆನ್ನುವಷ್ಟು ಕಡಿಮೆ. ಬೆಳಗಿನ ಹೊತ್ತಿಗೆ ಹೊಟ್ಟೆನೋವು, ರೆಪ್ಪೆ ಜೋಲುವಿಕೆ, ಬಳಿಕ ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತವೆ.

2020ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ, 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಡಿತದಿಂದ ಮೃತಪಟ್ಟರು. ಇವುಗಳಲ್ಲಿ ಹೆಚ್ಚಿನ ಸಾವುಗಳು ಗ್ರಾಮಗಳಲ್ಲಿ ಸಂಭವಿಸಿದವು. ಆದುದರಿಂದ ಪ್ರಾಥಮಿಕ ಹಂತದ ಚಿಕಿತ್ಸೆಯೇ ನಿರ್ಣಾಯಕ.

ಗಾಯದ ಮೇಲ್ಭಾಗವನ್ನು ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ವಿಷ ಹೀರುವುದು ಹಾನಿಕರವೆಂದು ಇಂದಿನ ವೈದ್ಯಶಾಸ್ತ್ರ ಸ್ಪಷ್ಟಪಡಿಸಿದೆ. ಕಡಿತಕ್ಕೊಳಗಾದ ಅಂಗವನ್ನು ಅಲುಗಾಡದಂತೆ ಇರಿಸಿ ಆಸ್ಪತ್ರೆಗೆ ಸಾಗಿಸುವುದೇ ಯೋಗ್ಯ ಕ್ರಮ. ಶುಚಿಯಾದ ಒಣ ಗಾಜಿನ ನಳಿಕೆಯಲ್ಲಿ ಇರಿಸಿದ ರಕ್ತವು 20 ನಿಮಿಷಗಳಲ್ಲಿ ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷವೇರಿಕೆಯನ್ನು ಶಂಕಿಸಲಾಗುತ್ತದೆ; ಆದರೆ ರಕ್ತ ಹೆಪ್ಪುಗಟ್ಟಿದ ಮಾತ್ರಕ್ಕೆ ನಾಗರ ಅಥವಾ ಕಟ್ಟುಹಾವಿನ ಕಡಿತವನ್ನು ಅಲ್ಲಗಳೆಯಲಾಗದು. ಭಾರತದ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಸಿದ್ಧಪಡಿಸಿದ್ದಾಗಿದೆ. ಮಕ್ಕಳಿಗೂ ವಯಸ್ಕರಷ್ಟೇ ಪ್ರಮಾಣ ಬೇಕಾಗುತ್ತದೆ, ಏಕೆಂದರೆ ಹಾವು ಹೊಗಿಸುವ ವಿಷವು ಎದುರಿನ ದೇಹದ ಗಾತ್ರವನ್ನು ಅವಲಂಬಿಸಿರುವುದಿಲ್ಲ.

ಪ್ರತಿವಿಷದಿಂದ ಉಂಟಾಗಬಹುದಾದ ತೀವ್ರ ಅಲರ್ಜಿಯ ಭಯವು ಸಣ್ಣ ಆಸ್ಪತ್ರೆಗಳ ವೈದ್ಯರನ್ನು ಹಿಂಜರಿಸುವಂತೆ ಮಾಡುತ್ತದೆ. ಶ್ರೀಲಂಕಾದಲ್ಲಿ 1007 ರೋಗಿಗಳೊಡನೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವು ಈ ದೃಷ್ಟಿಯಿಂದ ಮಹತ್ವದ್ದು. ಮೊದಲೇ ನೀಡಿದ ಅಲ್ಪ ಪ್ರಮಾಣದ ಅಡ್ರಿನಲಿನ್ ಮೊದಲ ಗಂಟೆಯ ತೀವ್ರ ಪ್ರತಿಕ್ರಿಯೆಗಳನ್ನು ಶೇಕಡ 43ರಷ್ಟು ತಗ್ಗಿಸಿತು. ಹೈಡ್ರೊಕಾರ್ಟಿಸೋನ್, ಪ್ರೊಮೆಥಜಿನ್ ಔಷಧಗಳಿಂದ ಆ ಪ್ರಯೋಜನ ಕಾಣಲಿಲ್ಲ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಆದರೆ ‘ಹುಳ’ವು ದಾಖಲೆಯಲ್ಲಿ ಕೀಟವಾಗಿಯೇ ಉಳಿದರೆ ರೋಗಿಗೆ ಪ್ರತಿವಿಷ ದೊರೆಯದು, ಪ್ರಕರಣವೂ ಲೆಕ್ಕಕ್ಕೆ ಸೇರದು. ಎಲ್ಲಿ ಮಲಗಿದ್ದರು, ಯಾವ ಹೊತ್ತಿನಲ್ಲಿ ಮುಟ್ಟಿತು, ರೆಪ್ಪೆ ಭಾರವಾಗಿದೆಯೇ ಎಂಬ ಪ್ರಶ್ನೆಗಳನ್ನು ವೈದ್ಯರು ಜನರ ನುಡಿಯಲ್ಲಿಯೇ ಕೇಳಬೇಕಾಗುತ್ತದೆ. ರೋಗಸಂಬಂಧಿ ಜನಪದ ಪದಗಳನ್ನು ಪ್ರದೇಶವಾರು ಸಂಗ್ರಹಿಸಿ ಆರೋಗ್ಯ ಕೇಂದ್ರಗಳಿಗೆ ಒದಗಿಸುವುದು ಜಾನಪದ ಅಧ್ಯಯನವು ತುರ್ತಾಗಿ ಕೈಗೊಳ್ಳಬೇಕಾದ ಕಾರ್ಯವಾಗಿದೆ.